ಶಿಶ್ನ ಇಂಪ್ಲಾಂಟ್ ಆಪರೇಷನ್ ಆದ ಮೊದಲ ರಾತ್ರಿಗಳು: ಹಾಯಾಗಿ ಮಲಗೋದು ಹೇಗೆ?

ಮನೆಯಲ್ಲಿ ಯಾರಿಗಾದರೂ ಮಂಡಿ ಆಪರೇಷನ್ ಆಯ್ತು ಅಂದ್ರೆ ಸಲಹೆಗೇನೂ ಬರಗಾಲ ಇರೋದಿಲ್ಲ. ಕಾಲು ಹೀಗಿಡಿ, ದಿಂಬು ಹಾಗಿಡಿ, ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು ಅಂತ ಊರಿಗೆ ಊರೇ ಬಂದು ಹೇಳುತ್ತೆ. ಆದರೆ ಅದೇ ಮನೆಯ ಹಿರಿಯರೊಬ್ಬರಿಗೆ ಶಿಶ್ನದ ಇಂಪ್ಲಾಂಟ್ ಆಪರೇಷನ್ ಆಗಿದ್ರೆ? "ಸಣ್ಣದೊಂದು ಆಪರೇಷನ್ ಆಯ್ತು" ಅಂತ ಮಾತು ಮುಗಿಯುತ್ತೆ. ಯಾರೂ ಕೇಳೋದಿಲ್ಲ, ಅವರೂ ಹೇಳೋದಿಲ್ಲ. ರಾತ್ರಿ ಎರಡು ಗಂಟೆಗೆ ನೋವಿನಿಂದ ಎಚ್ಚರ ಆದರೆ ಒಬ್ಬರೇ ಸೂರು ನೋಡ್ತಾ ಮಲಗಿರ್ತಾರೆ.

ಈ ವಿಷಯ ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಅಂತ ನಿಮಗೆ ಅನಿಸಬಹುದು. ಎರಡು ಕಾರಣ ಇವೆ. ಒಂದು, ನಮ್ಮ ವಯಸ್ಸಿನವರ ಅಪ್ಪ, ದೊಡ್ಡಪ್ಪ, ಮಾವಂದಿರು ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಕ್ಯಾನ್ಸರ್ ಇವೆಲ್ಲ ಬರುವ ವಯಸ್ಸಿನಲ್ಲಿದ್ದಾರೆ. ಈ ಆಪರೇಷನ್ ಬೇಕಾಗೋದು ಹೆಚ್ಚಾಗಿ ಇಂಥವರಿಗೇ. ಎರಡು, ದೇಹದೊಳಗೆ ಕೂರುವ ಈ ಸಾಧನ ಶುದ್ಧ ಹೈಡ್ರಾಲಿಕ್ಸ್. ಮೊದಲ ವಾರದಲ್ಲಿ ಹೇಗೆ ಮಲಗಬೇಕು ಅನ್ನುವ ನಿಯಮಗಳೂ ಒತ್ತಡ, ಗುರುತ್ವ, ಸಮಯ ಈ ಮೂರರಿಂದಲೇ ಹುಟ್ಟಿದವು. ನಿಯಮದ ಹಿಂದಿನ ಕಾರಣ ಗೊತ್ತಿದ್ರೆ ಅದನ್ನ ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಮನೆಯಲ್ಲಾದರೂ, ಇರುವ ಮಂಚ, ಇರುವ ದಿಂಬಿನಲ್ಲೇ ಸರಿಯಾದ ಹಾಸಿಗೆ ಸಿದ್ಧ ಮಾಡಬಹುದು.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಇದು ತಿಳಿವಳಿಕೆಗಾಗಿ ಬರೆದದ್ದು. ಆಪರೇಷನ್ ಮಾಡಿದ ಸರ್ಜನ್ ಬೇರೆ ಏನಾದ್ರೂ ಹೇಳಿದ್ರೆ ಅವರ ಮಾತೇ ಕೊನೆಯ ಮಾತು.

ಒಳಗೆ ಏನಿದೆ?

ಶಿಶ್ನದೊಳಗೆ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ಸುತ್ತ ಗಟ್ಟಿಯಾದ ಒಂದು ಪೊರೆ. ಸಹಜವಾಗಿ ಆ ಸ್ಪಂಜಿನಲ್ಲಿ ರಕ್ತ ತುಂಬಿ, ಪೊರೆ ಬಿಗಿದಾಗ ನಿಮಿರುವಿಕೆ ಆಗುತ್ತೆ. ಸಕ್ಕರೆ ಕಾಯಿಲೆಯಿಂದ ರಕ್ತನಾಳ, ನರಗಳು ಹಾಳಾಗಿದ್ರೆ, ಪ್ರಾಸ್ಟೇಟ್ ತೆಗೆಯುವಾಗ ನರಗಳಿಗೆ ಪೆಟ್ಟಾಗಿದ್ರೆ, ಅಪಘಾತದಲ್ಲಿ ಸೊಂಟದ ಮೂಳೆ ಮುರಿದಿದ್ರೆ ಈ ವ್ಯವಸ್ಥೆ ನಿಂತುಹೋಗಬಹುದು. ಮೊದಲು ಮಾತ್ರೆ, ಆಮೇಲೆ ನಿರ್ವಾತ ಪಂಪು, ಇಂಜೆಕ್ಷನ್ ಪ್ರಯತ್ನಿಸ್ತಾರೆ. ಅವು ಯಾವುದೂ ಕೆಲಸ ಮಾಡದಿದ್ರೆ ಅಥವಾ ಹೊಂದದಿದ್ರೆ ಇಂಪ್ಲಾಂಟ್.

ಈಗ ಹೆಚ್ಚು ಬಳಕೆಯಲ್ಲಿರುವ ಗಾಳಿಚೀಲದಂಥ, ಅಂದರೆ ಉಬ್ಬಿಸಿ ಇಳಿಸಬಹುದಾದ ಇಂಪ್ಲಾಂಟನ್ನು 1973ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಯೂರಾಲಜಿಸ್ಟ್ ಬ್ರಾಂಟ್ಲಿ ಸ್ಕಾಟ್ ಮತ್ತು ಜೊತೆಗಾರರು ವೈದ್ಯಲೋಕದ ಮುಂದಿಟ್ಟರು. ಆ ತಂಡದಲ್ಲಿ ವಿಲಿಯಂ ಬ್ರಾಡ್ಲಿ ಎಂಬ ನರರೋಗ ತಜ್ಞರ ಜೊತೆ ಜೆರಾಲ್ಡ್ ಟಿಮ್ ಎಂಬ ಬಯೋಮೆಡಿಕಲ್ ಇಂಜಿನಿಯರ್ ಕೂಡ ಇದ್ದರು. 1975ರಲ್ಲಿ ಸ್ಮಾಲ್ ಮತ್ತು ಕ್ಯಾರಿಯನ್ ಎಂಬ ವೈದ್ಯರು ಪಂಪು ಗಿಂಪು ಏನೂ ಇಲ್ಲದ, ಅರೆಗಟ್ಟಿಯಾದ ಸಿಲಿಕೋನ್ ಕಡ್ಡಿಗಳ ಮಾದರಿ ತಂದರು. ನಮ್ಮ ದೇಶದಲ್ಲೂ ಮುಂಬೈನ ಡಾ. ರೂಪಿನ್ ಷಾ ಇಂಥದೇ ಅರೆಗಟ್ಟಿ ಮಾದರಿಯೊಂದನ್ನು ರೂಪಿಸಿದ್ದಾರೆ.

ಉಬ್ಬಿಸುವ ಮಾದರಿಯಲ್ಲಿ ಮೂರು ಭಾಗ. ಸ್ಪಂಜಿನ ಜಾಗದಲ್ಲಿ ಎರಡು ಸಿಲಿಂಡರ್. ವೃಷಣಗಳ ಚೀಲದಲ್ಲಿ ಒಂದು ಪುಟ್ಟ ಪಂಪು. ಕೆಳಹೊಟ್ಟೆಯಲ್ಲಿ, ಮೂಳೆಯ ಹಿಂದೆ ಅಥವಾ ಸ್ನಾಯುಗಳ ಕೆಳಗೆ, ಸಲೈನ್ ತುಂಬಿದ ಒಂದು ಚೀಲ. ಇದಕ್ಕೆ ರಿಸರ್ವಾಯರ್ ಅಂತಾರೆ, ನಾವು ತೊಟ್ಟಿ ಅನ್ನೋಣ. ಪಂಪು ಒತ್ತಿದರೆ ತೊಟ್ಟಿಯ ಸಲೈನ್ ಸಿಲಿಂಡರಿಗೆ ಹೋಗುತ್ತೆ. ಬಿಡುಗಡೆ ಗುಂಡಿ ಒತ್ತಿದರೆ ವಾಪಸ್ ಬರುತ್ತೆ. ಹೊರಗೆ ಏನೂ ಕಾಣೋದಿಲ್ಲ. ಚರ್ಮದ ಸ್ಪರ್ಶಜ್ಞಾನದ ನರಗಳು ಬೇರೆ ಇರೋದರಿಂದ ಸಾಮಾನ್ಯವಾಗಿ ಅದು ಉಳಿದುಕೊಳ್ಳುತ್ತೆ.

ಈಗ ಮಲಗುವ ವಿಷಯಕ್ಕೆ ಬರೋಣ. ಈ ಮೂರು ಭಾಗಗಳು ಕೂತಿರೋದು ಎಲ್ಲಿ ನೋಡಿ: ತೊಡೆಸಂದಿಯಲ್ಲಿ, ವೃಷಣಚೀಲದಲ್ಲಿ, ಕೆಳಹೊಟ್ಟೆಯಲ್ಲಿ. ಹೊರಳಿದಾಗ, ಎದ್ದಾಗ, ಬೋರಲು ಮಲಗಿದಾಗ ಒತ್ತಡ ಬೀಳೋದು ಇಲ್ಲೇ.

ನಿದ್ದೆ ಕೆಡೋದು ಯಾಕೆ?

ಮೊದಲನೆಯದು ಊತ. ವೃಷಣಚೀಲದ ಚರ್ಮ ಸಡಿಲ, ಅದರಡಿ ಕೊಬ್ಬಿನ ಪದರ ಇಲ್ಲ. ಹಾಗಾಗಿ ಆಪರೇಷನ್ ಜಾಗದಿಂದ ಜಿನುಗುವ ರಕ್ತ, ನೀರು ಅಲ್ಲಿ ಸುಲಭವಾಗಿ ಶೇಖರ ಆಗುತ್ತೆ. ಮೊದಲ ಕೆಲವು ದಿನ ಊತ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಆ ಬಣ್ಣ ತೊಡೆಯ ಕಡೆಗೂ ಹರಡಬಹುದು. ನೋಡಿದವರಿಗೆ ಗಾಬರಿಯಾಗೋದು ಸಹಜ, ಆದರೆ ಇಷ್ಟು ನಿರೀಕ್ಷಿತವೇ.

ಎರಡನೆಯದು ನೋವು. ಮೊದಲ ವಾರ ಜೋರಾಗಿರುತ್ತೆ, ಆಮೇಲಿನ ವಾರಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತೆ. ಹಗಲು ಹತ್ತು ಜನ ಬಂದು ಹೋಗ್ತಾ ಇರುವಾಗ ತಡೆದುಕೊಂಡ ನೋವು ರಾತ್ರಿಯ ನಿಶ್ಶಬ್ದದಲ್ಲಿ ದೊಡ್ಡದಾಗಿ ಕಾಣುತ್ತೆ.

ಮೂರನೆಯದು ನಿದ್ದೆಯ ಲಯ ತಪ್ಪೋದು. ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತೆ. ಪ್ರತಿ ಸುತ್ತಿನ ಕೊನೆಗೆ ಕನಸಿನ ಹಂತ ಬರುತ್ತೆ. ದೊಡ್ಡ ಆಪರೇಷನ್ ಆದ ರಾತ್ರಿ, ಅದರಲ್ಲೂ ಬಲವಾದ ನೋವಿನ ಔಷಧಿ ಕೊಟ್ಟಿದ್ರೆ, ಈ ಕನಸಿನ ಹಂತ ಅಡಗಿಹೋಗುತ್ತೆ. ಮುಂದಿನ ರಾತ್ರಿಗಳಲ್ಲಿ ಬಾಕಿ ವಸೂಲಿ ಮಾಡೋಕೆ ಬಂದಂತೆ ಅದು ಹೆಚ್ಚಾಗಿ ಬರುತ್ತೆ. ಆಗ ಚಿತ್ರವಿಚಿತ್ರ ಕನಸು, ಪದೇ ಪದೇ ಎಚ್ಚರ. ಕೆಟ್ಟ ಕನಸು ಬಿತ್ತು ಅಂತ ದೃಷ್ಟಿ ತೆಗೆಯೋ ಮುಂಚೆ ಇದೊಂದು ಕಾರಣ ಇದೆ ಅಂತ ನೆನಪಿರಲಿ.

ನಾಲ್ಕನೆಯದು ಭಯ. ನಿದ್ದೆಯಲ್ಲಿ ಹೊರಳಿ ಸಾಧನ ಒಡೆದುಹೋದ್ರೆ? ಹೊಲಿಗೆ ಬಿಟ್ಟುಕೊಂಡ್ರೆ? ಈ ಭಯಕ್ಕೆ ಉತ್ತರ ನೇರವಾಗಿದೆ. ನಿದ್ದೆಯಲ್ಲಿ ಒಮ್ಮೆ ಪಕ್ಕಕ್ಕೆ ಹೊರಳಿದರೆ ಇಂಪ್ಲಾಂಟ್ ಒಡೆಯೋದಿಲ್ಲ. ವರ್ಷಗಟ್ಟಲೆ ಬಾಗಿ, ಉಬ್ಬಿ, ಇಳಿದು ಬಾಳಲು ಮಾಡಿದ ವಸ್ತು ಅದು. ನಾವು ಕಾಪಾಡಬೇಕಾಗಿರೋದು ಸಾಧನವನ್ನಲ್ಲ, ಅದರ ಸುತ್ತ ಇನ್ನೂ ಹಸಿಯಾಗಿರುವ ಗಾಯವನ್ನ.

ಹಾಸಿಗೆಯ ಲೆಕ್ಕ

ಮೊದಲ ದಿನಗಳಿಗೆ ಅಂಗಾತ ಮಲಗೋದೇ ಒಳ್ಳೆಯದು. ಕಾರಣವನ್ನ ಫ್ಲೂಯಿಡ್ ಮೆಕ್ಯಾನಿಕ್ಸ್ ಹೇಳುತ್ತೆ. ದ್ರವದ ಕಂಬದ ಒತ್ತಡ ಅಂದರೆ ಸಾಂದ್ರತೆ, ಗುರುತ್ವ, ಎತ್ತರ ಈ ಮೂರರ ಗುಣಲಬ್ಧ. ರಕ್ತದ ಸಾಂದ್ರತೆ ಘನಮೀಟರಿಗೆ ಸುಮಾರು 1060 ಕೆ.ಜಿ. ಹಾಗಾಗಿ 10 ಸೆಂ.ಮೀ. ರಕ್ತದ ಕಂಬಕ್ಕೆ ಸುಮಾರು 1040 ಪಾಸ್ಕಲ್, ಅಂದರೆ ಪಾದರಸದ ಅಳತೆಯಲ್ಲಿ ಸುಮಾರು 8 ಮಿ.ಮೀ. ನಿಂತಾಗ ವೃಷಣಚೀಲ ಹೃದಯಕ್ಕಿಂತ ಸುಮಾರು 50 ಸೆಂ.ಮೀ. ಕೆಳಗಿದೆ ಅಂತಿಟ್ಟುಕೊಳ್ಳಿ. ಅಲ್ಲಿಗೆ ಸುಮಾರು 40 ಮಿ.ಮೀ. ಹೆಚ್ಚುವರಿ ಒತ್ತಡ. ಸೂಕ್ಷ್ಮ ರಕ್ತನಾಳಗಳು ಸಿರೆಗೆ ಸೇರುವ ತುದಿಯಲ್ಲಿ ಇರುವ ಒತ್ತಡವೇ 10ರಿಂದ 15 ಮಿ.ಮೀ. ಆಸುಪಾಸು. ಸಿರೆಯೊಳಗಿನ ಕವಾಟ ಇತ್ಯಾದಿ ಬಿಟ್ಟು ಮಾಡಿದ ಒರಟು ಲೆಕ್ಕ ಇದು. ಆದರೂ ವಿಷಯ ಸ್ಪಷ್ಟ: ನಿಂತಷ್ಟೂ, ಕೂತಷ್ಟೂ ದ್ರವ ಕೆಳಗೆ ಜಿನುಗುತ್ತೆ. ಮಲಗಿದರೆ ವಾಪಸ್ ಹರಿಯುತ್ತೆ.

ಇದರಿಂದಲೇ ದಿಂಬಿನ ಜಾಗ ತಿಳಿಯುತ್ತೆ.

ತಲೆಗೆ ಒಂದು ದಿಂಬು ಸಾಕು, ಹೆಚ್ಚೆಂದರೆ ಎರಡು. ಪಾಪ ಅಂತ ಬೆನ್ನ ಕೆಳಗೆಲ್ಲ ನಾಲ್ಕು ದಿಂಬು ಒಟ್ಟಿ ಅರ್ಧ ಕೂರಿಸಿದ್ರೆ ಏನಾಗುತ್ತೆ? ಹೃದಯಕ್ಕೂ ತೊಡೆಸಂದಿಗೂ 45 ಸೆಂ.ಮೀ. ದೂರ ಅಂತಿಟ್ಟುಕೊಂಡು, ಬೆನ್ನು 30 ಡಿಗ್ರಿ ಎತ್ತಿದರೆ ಹೃದಯ ಸುಮಾರು 22 ಸೆಂ.ಮೀ. ಮೇಲೇರುತ್ತೆ. 17 ಮಿ.ಮೀ. ಒತ್ತಡ ವಾಪಸ್ ಬಂತು. ಅದೇ 15 ಡಿಗ್ರಿಗೆ ನಿಲ್ಲಿಸಿದ್ರೆ ಅದು 9ರ ಹತ್ತಿರಕ್ಕೆ ಇಳಿಯುತ್ತೆ. ಎದೆಯುರಿ, ಗೊರಕೆಯ ತೊಂದರೆ ಇದ್ದವರಿಗೆ ಡಾಕ್ಟರೇ ಬೆನ್ನೆತ್ತಲು ಹೇಳಿರ್ತಾರೆ, ಅವರು ಹಾಗೇ ಮಾಡಲಿ. ಉಳಿದವರಿಗೆ ಅಗತ್ಯ ಇಲ್ಲ.

ಮಂಡಿಗಳ ಕೆಳಗೆ ಒಂದು ದಿಂಬು. ಕಾಲು ಚಾಚಿ ಮಲಗಿದಾಗ ಕೆಳಹೊಟ್ಟೆ, ತೊಡೆಸಂದಿಯ ಸ್ನಾಯುಗಳು ಎಳೆದುಕೊಂಡಿರುತ್ತವೆ. ಮಂಡಿ ಸ್ವಲ್ಪ ಮಡಚಿದರೆ ಆ ಎಳೆತ ಸಡಿಲವಾಗುತ್ತೆ, ಸೊಂಟಕ್ಕೂ ಆರಾಮ. ಮಂಡಿ ಹಿಂಭಾಗದ ರಕ್ತನಾಳ ಒತ್ತಿಹೋಗದಂತೆ ದಿಂಬು ಮೆತ್ತಗಿರಲಿ. ಆಗಾಗ ಪಾದ ಮೇಲೆ ಕೆಳಗೆ ಆಡಿಸ್ತಾ ಇರಬೇಕು. ಕಾಲಿನ ಸಿರೆಗಳಲ್ಲಿ ರಕ್ತ ನಿಂತು ಹೆಪ್ಪುಗಟ್ಟದಿರೋಕೆ ಇದು ಸಹಾಯ.

ವೃಷಣಚೀಲದ ಕೆಳಗೆ ಒಂದು ಸುರುಳಿ ಸುತ್ತಿದ ಟವೆಲ್. ಅಂಗಾತ ಮಲಗಿದಾಗಲೂ ಅದು ತೊಡೆಗಳ ನಡುವೆ ಜಾರಿ ಕೆಳಗಿಳಿಯುತ್ತೆ. ಕೈಟವೆಲ್ ಒಂದನ್ನು ಸುತ್ತಿ, ತೊಡೆಗಳ ಮೇಲೆ ಸೇತುವೆಯಂತೆ ಅಡ್ಡ ಇಟ್ಟು ಅದರ ಮೇಲೆ ಚೀಲವನ್ನು ಕೂರಿಸಿದ್ರೆ ಮಟ್ಟ ಮೇಲೇರುತ್ತೆ. ಎಷ್ಟೋ ಜನಕ್ಕೆ ಈ ಒಂದು ಟವೆಲ್ಲಿನಿಂದ ಮಾತ್ರೆಯಷ್ಟೇ ಉಪಶಮನ ಸಿಗುತ್ತೆ.

ಒಳಉಡುಪು ಮತ್ತು ಹೊದಿಕೆ

ಮೊದಲ ವಾರಗಳಲ್ಲಿ ಶಿಶ್ನವನ್ನು ಹೊಟ್ಟೆಯ ಕಡೆಗೆ, ಮೇಲ್ಮುಖವಾಗಿ ಇಟ್ಟುಕೊಳ್ಳಲು ಸರ್ಜನ್‌ಗಳು ಸಾಮಾನ್ಯವಾಗಿ ಹೇಳ್ತಾರೆ. ಎರಡು ಲಾಭ. ಊತ ತುದಿಗೆ ಇಳಿದು ನಿಲ್ಲೋದಿಲ್ಲ. ಮತ್ತೆ ಸಿಲಿಂಡರಿನ ಸುತ್ತ ಗಾಯ ಮಾಯುವಾಗ ಕೆಳಕ್ಕೆ ಬಾಗಿದ ಆಕಾರದಲ್ಲಿ ಗಟ್ಟಿಯಾಗೋದಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಸೆಂಟ್ರಿಂಗ್ ಯಾವ ಆಕಾರದಲ್ಲಿದೆಯೋ ಅದೇ ಆಕಾರ ಉಳಿಯುತ್ತೆ ಅಲ್ವಾ, ಹಾಗೆ.

ಇದಕ್ಕೆ ಬೇಕಾಗೋದು ಮೈಗೆ ಒಪ್ಪುವ, ಹಿಡಿದೆತ್ತುವ ಬ್ರೀಫ್ ಅಥವಾ ಆಸ್ಪತ್ರೆಯಲ್ಲೇ ಕೊಡುವ ಆಧಾರಪಟ್ಟಿ. ಅಜ್ಜಂದಿರ ಲಂಗೋಟಿಯ ತತ್ವವೇ ಇದು. ಆದರೆ ಲಂಗೋಟಿಯನ್ನೇ ಬಿಗಿಯೋದು ಬೇಡ, ಅದರ ಗಂಟು, ದಾರ ಹೊಲಿಗೆಯ ಮೇಲೆ ಒತ್ತಬಹುದು. ಸೊಂಟದ ಎಲಾಸ್ಟಿಕ್ ಕೂಡ ಗಾಯದ ಮೇಲೆ ಬರಬಾರದು. ಹೊರಗೆ ಪ್ಯಾಂಟಿಗಿಂತ ಪಂಚೆ, ಲುಂಗಿ ಎಷ್ಟೋ ವಾಸಿ.

ಹೊದಿಕೆಯ ಭಾರವೂ ಚುಚ್ಚುತ್ತೆ. ಅದರಲ್ಲೂ ಶಿಶ್ನದ ತುದಿ ಬಟ್ಟೆಗೆ ಉಜ್ಜಿದರೆ ಎಚ್ಚರ ಆಗೇ ಆಗುತ್ತೆ. ಆಸ್ಪತ್ರೆಗಳಲ್ಲಿ ಇದಕ್ಕೆ ಮಂಚದ ಮೇಲಿಡುವ ಕಮಾನಿನಂಥ ಚೌಕಟ್ಟು ಇರುತ್ತೆ. ಮನೆಯಲ್ಲಿ ರಟ್ಟಿನ ಪೆಟ್ಟಿಗೆಯ ಎರಡು ಎದುರುಬದುರು ಬದಿ ಕತ್ತರಿಸಿ, ಉಳಿದದ್ದನ್ನ ಸೊಂಟದ ಮೇಲೆ ಕಮಾನಿನ ಹಾಗೆ ನಿಲ್ಲಿಸಿ, ಅದರ ಮೇಲೆ ಹೊದಿಕೆ ಹೊದೆಸಿದ್ರೆ ಅದೇ ಕೆಲಸ ಆಗುತ್ತೆ. ಹಾಸ್ಟೆಲಿಗೆ ಬಂದ ಪಾರ್ಸೆಲ್ ಡಬ್ಬಕ್ಕೆ ಇದಕ್ಕಿಂತ ಸಾರ್ಥಕ ಉಪಯೋಗ ಇಲ್ಲ.

ಐಸು, ಮಾತ್ರೆ, ಗಡಿಯಾರ

ಐಸ್ ಪ್ಯಾಕ್ ಇಡೋದು ಮಲಗೋಕೆ ಮುಂಚೆ, ಮಲಗಿದ ಮೇಲೆ ಅಲ್ಲ. ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟು ತೆಗೆದುಬಿಡಬೇಕು. ಐಸ್ ಇಟ್ಟುಕೊಂಡೇ ನಿದ್ದೆಹೋದ್ರೆ ಚರ್ಮ ಸುಟ್ಟಂತೆ ಹಾಳಾಗಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾಗಿರುವವರಿಗೆ ಅದು ಗೊತ್ತೂ ಆಗೋದಿಲ್ಲ. ಬ್ಯಾಂಡೇಜ್ ಒದ್ದೆಯಾಗದಂತೆ ಮಧ್ಯೆ ಒಂದು ಪ್ಲಾಸ್ಟಿಕ್ ಹಾಳೆ ಇರಲಿ.

ಮಾತ್ರೆಯಲ್ಲಿ ಸಮಯವೇ ಮುಖ್ಯ. ಪ್ಯಾರಸಿಟಮಾಲ್ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತೆ, 4ರಿಂದ 6 ಗಂಟೆ ಇರುತ್ತೆ. ಎಂಟಕ್ಕೆ ಊಟ ಮಾಡಿ ಮಾತ್ರೆ ತಗೊಂಡು ಹನ್ನೊಂದಕ್ಕೆ ಮಲಗಿದರೆ, ನಿದ್ದೆ ಹತ್ತುವ ಹೊತ್ತಿಗೆ ಅದರ ಅರ್ಧ ಆಯಸ್ಸು ಮುಗಿದಿರುತ್ತೆ. ಡಾಕ್ಟರ್ ಬರೆದ ಅಂತರದಲ್ಲೇ, ರಾತ್ರಿಯ ಡೋಸು ಮಲಗುವ ಅರ್ಧ ಗಂಟೆ ಮುಂಚೆ ಬೀಳುವಂತೆ ಇಡೀ ದಿನದ ವೇಳಾಪಟ್ಟಿ ಹೊಂದಿಸಿಕೊಳ್ಳಬಹುದು. ನೋವು ಬರಲಿ, ತಡೆಯಲಾಗದಿದ್ರೆ ನೋಡೋಣ ಅಂತ ಕಾಯೋದರಲ್ಲಿ ಯಾವ ಗಂಡಸುತನವೂ ಇಲ್ಲ. ಏರಿದ ನೋವನ್ನ ಇಳಿಸೋದಕ್ಕಿಂತ ಏರದಂತೆ ನೋಡಿಕೊಳ್ಳೋದು ಸುಲಭ.

ಎಚ್ಚರ ಬೇಕಾದ ಕೆಲವು ಅಂಶ ಇವೆ. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರಬಹುದು. ಪಟ್ಟಿಯ ಹಿಂಬದಿ ಓದಿ, ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ, ಡಾಕ್ಟರನ್ನೇ ಕೇಳಬೇಕು. ಐಬುಪ್ರೊಫೇನ್ ಜಾತಿಯ ಮಾತ್ರೆ ಕಿಡ್ನಿಗೆ ಭಾರ, ಬರೆದುಕೊಟ್ಟಿದ್ರೆ ಮಾತ್ರ. ಟ್ರಮಡಾಲ್‌ನಂಥ ಬಲವಾದ ಮಾತ್ರೆ ಉಸಿರಾಟವನ್ನು ಮಂದ ಮಾಡುತ್ತೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಉಸಿರಾಟದ ಯಂತ್ರ ಬಳಸ್ತಾ ಇದ್ರೆ ಆ ರಾತ್ರಿಗಳಲ್ಲೂ ತಪ್ಪಿಸಬಾರದು. "ಒಂದು ಪೆಗ್ ಹಾಕಿದ್ರೆ ಚೆನ್ನಾಗಿ ನಿದ್ದೆ ಬರುತ್ತೆ" ಅನ್ನೋ ಮಾತು ಇಲ್ಲಿ ನೇರವಾಗಿ ಅಪಾಯ.

ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು. ಆಪರೇಷನ್ ಆದ ಮೇಲೆ ಊಟ ಸೇರೋದಿಲ್ಲ, ಆದರೆ ಇನ್ಸುಲಿನ್ ಮಾತ್ರ ಹಳೇ ಲೆಕ್ಕದಲ್ಲೇ ಹೋಗ್ತಾ ಇರುತ್ತೆ. ಮಧ್ಯರಾತ್ರಿ ಸಕ್ಕರೆ ಇಳಿದು ಬೆವರು, ನಡುಕ ಬರಬಹುದು. ಮಲಗೋ ಮುಂಚೆ ಒಮ್ಮೆ ಪರೀಕ್ಷಿಸಿ. ಏರಿದರೂ ಕಷ್ಟ: ಗಾಯ ಮಾಯೋದು ತಡವಾಗುತ್ತೆ, ಸೋಂಕಿಗೆ ದಾರಿಯಾಗುತ್ತೆ.

ಹೊರಳೋದು, ಏಳೋದು, ಬಚ್ಚಲಿಗೆ ಹೋಗೋದು

ಅಂಗಾತ ಮಲಗಿದವರು ನೇರವಾಗಿ ಎದ್ದು ಕೂರೋದು ಅಂದ್ರೆ ಹೊಟ್ಟೆಯ ಸ್ನಾಯುಗಳಿಗೆ ಪೂರ್ತಿ ಭಾರ. ತೊಟ್ಟಿ ಇರೋದು ಅಲ್ಲೇ ಪಕ್ಕದಲ್ಲಿ. ಅದರ ಬದಲು ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಪಕ್ಕಕ್ಕೆ ಹೊರಳಬೇಕು. ಕಾಲು ಮಂಚದಿಂದ ಕೆಳಗೆ ಬಿಟ್ಟು, ಮೊಣಕೈ ಊರಿ ಏಳಬೇಕು. ಎದ್ದ ಕೂಡಲೇ ನಡೆಯೋದು ಬೇಡ. ಒಂದು ನಿಮಿಷ ಕೂತು, ತಲೆ ಸುತ್ತದಿದ್ರೆ ಮಾತ್ರ ಹೆಜ್ಜೆ.

ನಮ್ಮ ಎಷ್ಟೋ ಮನೆಗಳಲ್ಲಿ ನೆಲದ ಮೇಲೆ ಚಾಪೆ, ಹಾಸಿಗೆ ಹಾಕಿ ಮಲಗೋದೇ ರೂಢಿ. ಈ ಒಂದೆರಡು ವಾರ ಮಂಚ ಇದ್ರೆ ಒಳ್ಳೆಯದು. ನೆಲದಿಂದ ಏಳುವಾಗ ಮೈಭಾರವೆಲ್ಲ ತೊಡೆಸಂದಿ, ಹೊಟ್ಟೆಯ ಮೇಲೆ ಬೀಳುತ್ತೆ. ಹಾಗೇ ಕುಕ್ಕರಗಾಲಿನ ಪಾಯಿಖಾನೆಯೂ ಕಷ್ಟ, ತೂತು ಇರುವ ಕಮೋಡ್ ಕುರ್ಚಿ ಬಾಡಿಗೆಗೆ ಸಿಕ್ಕರೆ ತನ್ನಿ. ಬಲವಾದ ನೋವಿನ ಮಾತ್ರೆಗಳು ಮಲಬದ್ಧತೆ ತರುತ್ತವೆ, ಮುಕ್ಕರಿದರೆ ಊತ, ನೋವು ಎರಡೂ ಹೆಚ್ಚು. ಹಗಲು ಚೆನ್ನಾಗಿ ನೀರು, ಸೊಪ್ಪು, ಹಣ್ಣು. ಬೇಕಾದ್ರೆ ಡಾಕ್ಟರು ಮಲ ಸಡಿಲ ಮಾಡುವ ಔಷಧಿ ಕೊಡ್ತಾರೆ, ಕೇಳೋಕೆ ನಾಚಿಕೆ ಬೇಡ. ನೀರಿನ ಬಹುಪಾಲು ಸಂಜೆಯೊಳಗೆ ಮುಗಿಸಿ, ಮಲಗೋ ಮುಂಚೆ ಮೂತ್ರ ಮಾಡಿ ಬಂದರೆ ಮಧ್ಯರಾತ್ರಿ ಒಂದು ಓಡಾಟ ಉಳಿಯುತ್ತೆ.

ಪಕ್ಕಕ್ಕೆ ಯಾವಾಗ, ಬೋರಲು ಯಾವಾಗ?

ಕೆಲವರಿಗೆ ಜನ್ಮದಲ್ಲಿ ಅಂಗಾತ ನಿದ್ದೆ ಬಂದಿರೋದಿಲ್ಲ. ಊತ ಇಳಿಯೋಕೆ ಶುರುವಾಗಿ, ನೋವು ತಡೆಯುವಂತಾದ ಮೇಲೆ ಪಕ್ಕಕ್ಕೆ ಮಲಗಬಹುದು. ಮಂಡಿಗಳ ನಡುವೆ ದಿಂಬು ಇರಲಿ, ಇಲ್ಲದಿದ್ರೆ ಎರಡು ತೊಡೆಗಳು ಸೇರಿ ಪಂಪನ್ನ ಅಡಿಕೆ ಕತ್ತರಿಯ ಹಾಗೆ ಅಮುಕುತ್ತವೆ. ಬೆನ್ನ ಹಿಂದೆ ಒಂದು ದಿಂಬು ಇಟ್ಟು ಅದಕ್ಕೆ ಒರಗಿಕೊಂಡರೆ ಪೂರ್ತಿ ಉರುಳೋದೂ ತಪ್ಪುತ್ತೆ.

ಬೋರಲು ಮಲಗೋದು ಮಾತ್ರ ಸರ್ಜನ್ ಒಪ್ಪಿಗೆ ಕೊಡುವವರೆಗೂ ಬೇಡ. ಗಾಯದ ಮೇಲೆ ಮೈಭಾರ ಬೀಳುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು ಹೈಡ್ರಾಲಿಕ್ ಕಾರಣ. ಹೊಟ್ಟೆ ಒತ್ತಿದರೆ ತೊಟ್ಟಿ ಒತ್ತುತ್ತೆ, ಸಲೈನ್ ತಾನಾಗಿಯೇ ಸಿಲಿಂಡರಿನ ಕಡೆ ಹೊರಡಲು ನೋಡುತ್ತೆ. ಇದನ್ನು ತಡೆಯೋಕೆ ಈಗಿನ ಸಾಧನಗಳಲ್ಲಿ ವಾಲ್ವ್ ಇದೆ. ಆದರೂ ಮೊದಲ ವಾರಗಳು ಸೂಕ್ಷ್ಮ. ದೇಹ ತನ್ನೊಳಗೆ ಬಂದ ಹೊರಗಿನ ವಸ್ತುವಿನ ಸುತ್ತ ನಾರಿನ ಪೊರೆ ಕಟ್ಟುತ್ತೆ. ತೊಟ್ಟಿ ತುಂಬಿದ ಸ್ಥಿತಿಯಲ್ಲಿದ್ದಾಗ ಪೊರೆ ಕಟ್ಟಿದ್ರೆ ಅದಕ್ಕೆ ಪೂರ್ತಿ ಜಾಗ ಸಿಗುತ್ತೆ. ಅರ್ಧ ಖಾಲಿ ಇದ್ದಾಗ ಕಟ್ಟಿದ್ರೆ ಪೊರೆ ಚಿಕ್ಕದಾಗಿ, ಮುಂದೆ ಸಲೈನ್ ವಾಪಸ್ ಬಂದಾಗ ಜಾಗ ಸಾಲದೆ ಒತ್ತಡ ಹೆಚ್ಚುತ್ತೆ. ಅದಕ್ಕೇ ಮೊದಲ ದಿನದ ಬ್ಯಾಂಡೇಜ್ ಬಿಚ್ಚಿದ ಮೇಲೆ ಹೆಚ್ಚಿನ ಸರ್ಜನ್‌ಗಳು ಸಾಧನವನ್ನು ಇಳಿಸಿದ ಸ್ಥಿತಿಯಲ್ಲೇ ಬಿಡ್ತಾರೆ. ಪಂಪು ಬಳಸೋದನ್ನ ಕಲಿಸೋದು ಸಾಮಾನ್ಯವಾಗಿ 4ರಿಂದ 6 ವಾರ ಆದ ಮೇಲೆ. ಅಲ್ಲಿವರೆಗೂ ಕುತೂಹಲಕ್ಕೂ ಪಂಪು ಒತ್ತಬಾರದು. ಪಂಪು ಮೇಲೆ ಸರಿಯದಿರಲಿ ಅಂತ ದಿನಕ್ಕೊಮ್ಮೆ ಮೆಲ್ಲಗೆ ಕೆಳಕ್ಕೆ ಎಳೆಯಲು ಕೆಲವು ಸರ್ಜನ್‌ಗಳು ಹೇಳ್ತಾರೆ. ಹೇಳಿದ್ರೆ ಮಾತ್ರ, ಅವರು ತೋರಿಸಿದ ರೀತಿಯಲ್ಲಿ ಮಾತ್ರ.

ಅರೆಗಟ್ಟಿ ಕಡ್ಡಿಯ ಮಾದರಿಯಲ್ಲಿ ಪಂಪೂ ಇಲ್ಲ, ತೊಟ್ಟಿಯೂ ಇಲ್ಲ. ಉಳಿದಂತೆ ಅಂಗಾತ, ಮಂಡಿಯ ದಿಂಬು, ಟವೆಲ್, ಮೇಲ್ಮುಖ ಎಲ್ಲವೂ ಒಂದೇ.

ಮನೆಗೆ ಬಂದ ಮೊದಲ ರಾತ್ರಿ, ಒಂದು ಮಾದರಿ

ಸಂಜೆ ಆರಕ್ಕೆ ಮನೆಯೊಳಗೇ ಹತ್ತು ಹೆಜ್ಜೆ ನಡಿಗೆ. ಎಂಟಕ್ಕೆ ಹಗುರ ಊಟ. ಒಂಬತ್ತಕ್ಕೆ ಮೂತ್ರ, ಆಮೇಲೆ ಬ್ಯಾಂಡೇಜ್ ನೋಡೋದು: ರಕ್ತದ ಕಲೆ ಎಷ್ಟಿದೆ ಅಂತ ಪೆನ್ನಿನಲ್ಲಿ ಸುತ್ತ ಗುರುತು ಹಾಕಿದ್ರೆ ಬೆಳಿಗ್ಗೆ ಹೋಲಿಸೋದು ಸುಲಭ. ಒಂಬತ್ತೂಕಾಲಿಗೆ 15 ನಿಮಿಷ ಐಸ್. ಒಂಬತ್ತೂವರೆಗೆ ರಾತ್ರಿಯ ಮಾತ್ರೆ. ಹತ್ತಕ್ಕೆ ದಿಂಬು, ಟವೆಲ್, ರಟ್ಟಿನ ಕಮಾನು ಹೊಂದಿಸಿ ದೀಪ ಆರಿಸೋದು. ಕೈಗೆ ಸಿಗುವಂತೆ ನೀರು, ಫೋನು, ಮುಂದಿನ ಮಾತ್ರೆ, ಅದರ ಸಮಯ ಬರೆದ ಚೀಟಿ. ಮೂತ್ರದ ನಳಿಕೆ ಅಥವಾ ರಕ್ತ ಹೊರಹಾಕುವ ಕೊಳವೆ ಇನ್ನೂ ಇದ್ರೆ ಅದರ ಚೀಲ ಮೈಗಿಂತ ಕೆಳಗಿರಲಿ, ಕೊಳವೆ ತೊಡೆಯಡಿ ಸಿಕ್ಕಿ ಮಡಚದಿರಲಿ.

ಮಧ್ಯೆ ಎಚ್ಚರ ಆದರೆ ಗಡಿಯಾರ ನೋಡ್ತಾ ಮಲಗೋದು ಬೇಡ. ಟವೆಲ್ ಜಾರಿದೆಯಾ ನೋಡಿ, ಪಾದ ಹತ್ತು ಸಲ ಆಡಿಸಿ, ಮಾತ್ರೆಯ ಸಮಯ ಆಗಿದ್ರೆ ತಗೊಂಡು ಮತ್ತೆ ಮಲಗೋದು. ಮೊದಲ ಮೂರು ನಾಲ್ಕು ರಾತ್ರಿ ತುಂಡು ತುಂಡು ನಿದ್ದೆಯೇ. ಹಗಲು ಒಂದು ಸಣ್ಣ ನಿದ್ದೆ ಮಾಡಿ ಬಾಕಿ ತೀರಿಸಬಹುದು.

ಬೆಳಗಾಗಲಿ ಅಂತ ಕಾಯಬಾರದ್ದು

ಕೆಲವು ಲಕ್ಷಣಗಳಿಗೆ ದಿಂಬಿನಿಂದ ಪರಿಹಾರ ಇಲ್ಲ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ. ಗಾಯದಿಂದ ಕೀವು, ದುರ್ವಾಸನೆ, ಹರಡ್ತಾ ಇರುವ ಕೆಂಪು. ಗಂಟೆ ಗಂಟೆಗೂ ದೊಡ್ಡದಾಗುವ ಊತ, ನಿಲ್ಲದ ರಕ್ತ. ಮೂತ್ರ ಬಾರದೆ ಹೊಟ್ಟೆ ಉಬ್ಬೋದು. ಶಿಶ್ನದ ತುದಿ ಕಪ್ಪಾಗೋದು ಅಥವಾ ತಣ್ಣಗಾಗೋದು. ಕಡಿಮೆಯಾಗ್ತಾ ಬಂದಿದ್ದ ನೋವು ಇದ್ದಕ್ಕಿದ್ದಂತೆ ಹೆಚ್ಚೋದು. ಒಂದೇ ಕಾಲಿನ ಮೀನಖಂಡ ಊದಿ ನೋಯೋದು. ಇವುಗಳಲ್ಲಿ ಯಾವುದಿದ್ರೂ ರಾತ್ರಿ ಎರಡಾದ್ರೂ ಸರಿ, ಡಾಕ್ಟರಿಗೆ ಫೋನ್ ಮಾಡಬೇಕು. ಉಸಿರಾಟಕ್ಕೆ ತೊಂದರೆ, ಎದೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗ.

ಸೋಂಕಿನ ವಿಷಯದಲ್ಲಿ ತಡ ಯಾಕೆ ಆಗಬಾರದು ಅಂದ್ರೆ, ಬ್ಯಾಕ್ಟೀರಿಯಾ ಸಾಧನದ ಮೇಲ್ಮೈಗೆ ಅಂಟಿಕೊಂಡು ಲೋಳೆಪೊರೆ ಕಟ್ಟಿಬಿಟ್ಟರೆ ಆ್ಯಂಟಿಬಯಾಟಿಕ್ ಅದರೊಳಗೆ ಸರಿಯಾಗಿ ನುಗ್ಗೋದಿಲ್ಲ. ಆಗ ಸಾಮಾನ್ಯವಾಗಿ ಇಡೀ ಸಾಧನವನ್ನೇ ತೆಗೆಯಬೇಕಾಗುತ್ತೆ. 2001ರಿಂದ ಆ್ಯಂಟಿಬಯಾಟಿಕ್ ಲೇಪಿಸಿದ ಇಂಪ್ಲಾಂಟ್‌ಗಳು ಬಂದ ಮೇಲೆ ಸೋಂಕು ತುಂಬಾ ಕಡಿಮೆಯಾಗಿದೆ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ.

ಇಲ್ಲೇ ಮೌನ ದುಬಾರಿಯಾಗೋದು. ಬಸ್ ಸ್ಟ್ಯಾಂಡಿನ ಗೋಡೆ ತುಂಬಾ 'ಗುಪ್ತರೋಗ' ಅಂತ ಪೋಸ್ಟರ್ ನೋಡಿ ಬೆಳೆದ ಊರು ನಮ್ಮದು. ದೇಹದ ಒಂದು ಭಾಗವನ್ನೇ ನಾವು ಗುಪ್ತ ಅಂತ ಕರೆದಿಟ್ಟಿದ್ದೀವಿ. ಮೂತ್ರ ಕಟ್ಟಿದೆ ಅಂತ ಮಗನ ಹತ್ತಿರ ಹೇಳೋಕೆ ಸಂಕೋಚ ಪಟ್ಟು ಒಬ್ಬ ಅಪ್ಪ ಬೆಳಗಿನವರೆಗೂ ತಡೆದುಕೊಂಡರೆ ಅದು ಅವರ ತಪ್ಪಲ್ಲ. ಹೇಳುವ ದಾರಿಯನ್ನ ಮನೆಯವರು ಮೊದಲೇ ಮಾಡಿಕೊಟ್ಟಿರಬೇಕು.

ಅದಕ್ಕೆ ದೊಡ್ಡ ಭಾಷಣ ಬೇಡ. ಅವರಾಗಿ ಹೇಳದಿದ್ರೆ ಯಾಕೆ ಮಾಡಿಸಿಕೊಂಡ್ರಿ ಅಂತ ಕೇಳೋದೂ ಬೇಡ, ನೆಂಟರಿಗೆ ಏನು ಹೇಳಬೇಕು ಅನ್ನೋದು ಅವರಿಗೇ ಬಿಟ್ಟಿದ್ದು. ಮಂಚ ಕಿಟಕಿಯ ಹತ್ತಿರಕ್ಕೆ ಎಳೆಯಿರಿ. ಎರಡು ದಿಂಬು, ಒಂದು ಕೈಟವೆಲ್, ಒಂದು ರಟ್ಟಿನ ಡಬ್ಬ ತಂದಿಡಿ. ಮಾತ್ರೆಯ ವೇಳಾಪಟ್ಟಿಯನ್ನ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಅದರ ಕೆಳಗೆ ಡಾಕ್ಟರ ನಂಬರ್, ಅದರ ಕೆಳಗೆ ನಿಮ್ಮ ನಂಬರ್. "ರಾತ್ರಿ ಯಾವಾಗ ಬೇಕಾದ್ರೂ ಕರೀರಿ, ಪಕ್ಕದ ರೂಮಲ್ಲೇ ಇರ್ತೀನಿ" ಅಂತ ಒಂದು ಮಾತು ಹೇಳಿ ದೀಪ ಆರಿಸಿ. ಹೆಚ್ಚಿನವರಿಗೆ ಅಷ್ಟು ಗೊತ್ತಾದ್ರೆ ಅರ್ಧ ನಿದ್ದೆ ಬಂದ ಹಾಗೆ.